ಭರಣಿಯೊಳಗೆ ಕುದಿಯುವ ದ್ರಾಕ್ಷಿ

ನಾವು ಎರ್ನಾಕುಲಂಗೆ ಬಂದ ಮೊದಲ ಕ್ರಿಸ್‌ಮಸ್‌ಗೆ ಮೇಲಿನ ಮನೆಯ ಚೇಚಿ ಪ್ಲಮ್ ಕೇಕಿನ ಜೊತೆ ಒಂದು ಬಾಟಲಿ ಮುಂದಿರಿ ವೈನ್ ಕೊಟ್ಟರು. ಮುಂದಿರಿ ಎಂದರೆ ದ್ರಾಕ್ಷಿ. “ಮುಚ್ಚಳ ಬಿಗಿ ಮಾಡಬೇಡಿ” ಅಂದಿದ್ದರು. ಇರುವೆ ಮುತ್ತೀತೆಂದು ನಾನು ಬಿಗಿಯಾಗಿಯೇ ತಿರುಗಿಸಿಟ್ಟೆ. ಮೂರನೇ ರಾತ್ರಿ ಅಡುಗೆಮನೆಯಲ್ಲಿ ಢಬ್! ಗೋಡೆಯೆಲ್ಲ ಕೆಂಪು. ಬಾಡಿಗೆ ಮನೆ ಬೇರೆ.

ಆಮೇಲೆ ಚೇಚಿಯನ್ನೇ ಕೇಳಿ ತಿಳಿದುಕೊಂಡೆ. ಕಪ್ಪು ದ್ರಾಕ್ಷಿ ತೊಳೆದು, ಒರೆಸಿ, ಕಿವುಚಿ, ಸಕ್ಕರೆ, ಕುದಿಸಿ ಆರಿಸಿದ ನೀರು, ಚೂರು ಯೀಸ್ಟ್, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ ಸೇರಿಸಿ ಭರಣಿಗೆ ತುಂಬುತ್ತಾರೆ. ನಮ್ಮ ಉಪ್ಪಿನಕಾಯಿ ಭರಣಿಯೇ. ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ತಿರುವುತ್ತಾರೆ. 21 ದಿನಕ್ಕೆ ಸೋಸಿ, ಮತ್ತೆ ಅಷ್ಟೇ ದಿನ ತಿಳಿಯಾಗಲು ಬಿಡುತ್ತಾರೆ. (ಗೋಧಿ ಯಾಕೆ ಎಂದರೆ ಅಮ್ಮಚ್ಚಿ ಹಾಕುತ್ತಿದ್ದರು, ಅಷ್ಟೇ!)

ಕೆಲಸ ಮಾಡುವುದು ಮಾತ್ರ ಯೀಸ್ಟ್. ದೋಸೆ ಹಿಟ್ಟು ರಾತ್ರೋರಾತ್ರಿ ಉಕ್ಕುವುದೂ ಇಂಥ ಸೂಕ್ಷ್ಮಜೀವಿಗಳಿಂದಲೇ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ ಶೇಕಡಾ 1ರಷ್ಟು ಆಲ್ಕೋಹಾಲ್. ಸಿಹಿ ಉಳಿದ ವೈನಿನಲ್ಲಿ ಯೀಸ್ಟ್ ಇನ್ನೂ ಜೀವಂತವಿದ್ದರೆ ಗ್ಯಾಸ್ ಬರುತ್ತಲೇ ಇರುತ್ತದೆ. ನನ್ನ ಬಾಟಲಿ ಸಿಡಿದದ್ದು ಹಾಗೆ. ಇನ್ನೊಂದು ಶತ್ರು ಗಾಳಿ. ಕುದಿತ ನಿಂತ ಮೇಲೂ ತೆರೆದಿಟ್ಟರೆ ಬೇರೆ ಬ್ಯಾಕ್ಟೀರಿಯಾ ಸೇರಿ ವೈನು ವಿನೆಗರ್ ಆಗುತ್ತದೆ.

ಕಾರ್ಖಾನೆಯಲ್ಲೂ ಮೂಲ ಇದೇ. ಭರಣಿಯ ಬದಲು ಸ್ಟೀಲ್ ಟ್ಯಾಂಕು, ಅಂದಾಜಿನ ಬದಲು ಥರ್ಮಾಮೀಟರು. ಅಲ್ಲಿ ಸಾಮಾನ್ಯವಾಗಿ ನೀರು ಬೆರೆಸುವುದಿಲ್ಲ, ಮಸಾಲೆಯೂ ಇಲ್ಲ. ಬಣ್ಣದ ಗುಟ್ಟು ಕೇಳಿ: ಹೆಚ್ಚಿನ ಕಪ್ಪು ದ್ರಾಕ್ಷಿಗಳ ರಸಕ್ಕೂ ಬಣ್ಣವಿಲ್ಲ, ಬಣ್ಣವೆಲ್ಲ ಸಿಪ್ಪೆಯಲ್ಲಿ. ಸಿಪ್ಪೆಯ ಸಮೇತ ಹುದುಗಿಸಿದರೆ ಕೆಂಪು ವೈನ್, ಮೊದಲೇ ಹಿಂಡಿ ರಸವನ್ನಷ್ಟೇ ಹುದುಗಿಸಿದರೆ ಬಿಳಿ. ನಾಲಿಗೆ ಒಗರಾಗುವುದೂ ಸಿಪ್ಪೆ, ಬೀಜದ ಟ್ಯಾನಿನ್‌ನಿಂದ. ವೈನನ್ನು ಭಟ್ಟಿ ಇಳಿಸಿದರೆ ಅದು ಬ್ರಾಂದಿ, ಆ ಮಾತೇ ಬೇರೆ.

ನಮ್ಮ ನಾಡಿನವರಿಗೆ ಇದು ಹೊಸದೇನಲ್ಲ. ದೊಡ್ಡಬಳ್ಳಾಪುರದ ಬಳಿ ನಂದಿ ಬೆಟ್ಟದ ತಪ್ಪಲಲ್ಲಿ ಗ್ರೋವರ್ ಕುಟುಂಬ ಫ್ರೆಂಚ್ ತಳಿಗಳನ್ನು ಬೆಳೆಸಿ ಹೆಸರು ಮಾಡಿತು. ಕರ್ನಾಟಕ ಸರ್ಕಾರ 2007ರಲ್ಲಿ ವೈನ್ ನೀತಿ ತಂದಿತು. ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ‘ಬೆಂಗಳೂರು ನೀಲಿ’ ದ್ರಾಕ್ಷಿ, ಹುಳಿ ಮುಂದು, ಘಮ ಜೋರು, ಸಿಹಿ ವೈನಿಗೂ ಜ್ಯೂಸಿಗೂ ಹೋಗುತ್ತದೆ. ಒಣ ವೈನಿಗೆ ಅದರ ಘಮ ಸ್ವಲ್ಪ ಹೆಚ್ಚೇ ಎಂದು ನನಗನ್ನಿಸುತ್ತದೆ.

ಭರಣಿ ಕೊಳ್ಳಲು ಹೊರಟವರಿಗೊಂದು ಮಾತು. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ವೈನ್ ಮಾಡುವುದು ಅಪರಾಧ ಎಂದು ಕೇರಳದ ಅಬಕಾರಿ ಇಲಾಖೆ 2019ರ ಕ್ರಿಸ್‌ಮಸ್ ಮುಂಚೆ ಎಚ್ಚರಿಸಿತ್ತು. 2022ರಲ್ಲಿ ಇಲ್ಲಿನ ಹಣ್ಣುಗಳಿಂದ ವೈನ್ ಮಾಡುವ ಸಣ್ಣ ವೈನರಿಗಳಿಗೆ ನಿಯಮ ಬಂದಿದೆ, ಅದಕ್ಕೂ ಲೈಸೆನ್ಸ್ ಬೇಕು. ನಮ್ಮ ಮೇಲಿನ ಮನೆಯಿಂದ ಈಗ ಕೇಕ್ ಮಾತ್ರ ಬರುತ್ತದೆ. ಚೇಚಿಯ ಭರಣಿಯಲ್ಲಿ ಕಡು ಮಾವಿನ ಉಪ್ಪಿನಕಾಯಿ.