ಬಲದ ಗುಳಿಗೆ, ಮೈಯ ತಾಪ

ಬೆಂಗಳೂರಿನ ವಿಲ್ಸನ್ ಗಾರ್ಡನ್ನಿಗೆ ಅನತಿದೂರದ ಕಂಠೀರವ ಕ್ರೀಡಾಂಗಣದಲ್ಲಿ ಪ್ರಾತಃಕಾಲ ಓಡುವ ತರುಣರ ಚೀಲಗಳಲ್ಲಿ ನೀರಿನ ಸೀಸೆಯೊಡನೆ ಪುಡಿಯ ಡಬ್ಬಿಯನ್ನೂ ಕಂಡಾಗಲೆಲ್ಲ ನನಗೆ ಉಡುಪಿ ಜಿಲ್ಲೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿಯವರ ನೆನಪಾಗುತ್ತದೆ. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಸ್ವರ್ಣಪದಕಗಳನ್ನು ಗಳಿಸಿದ ಆಕೆಯ ದೇಹದಲ್ಲಿ ಮರುವರ್ಷವೇ ನಿಷಿದ್ಧ ಸ್ಟೆರಾಯ್ಡ್ ಪತ್ತೆಯಾಯಿತು. ತಾನು ಸೇವಿಸಿದ ಜಿನ್ಸೆಂಗ್ ಬೇರಿನ ಗುಳಿಗೆಯೇ ಕಲುಷಿತವಾಗಿತ್ತೆಂಬ ವಾದವನ್ನು ಮುಂದಿಟ್ಟರೂ ಎರಡು ವರ್ಷಗಳ ನಿಷೇಧ ತಪ್ಪಲಿಲ್ಲ. ಡಬ್ಬಿಯ ಚೀಟಿಯಲ್ಲಿ ಮುದ್ರಿತವಾದುದಷ್ಟೇ ಒಳಗಿದೆಯೆಂದು ನಂಬುವುದು ಕ್ರೀಡಾಪಟುವಿಗೆ ಸಲ್ಲದು.

ಅಮೆರಿಕದ ಬೇಸ್‌ಬಾಲ್ ಆಟಗಾರ ಸ್ಟೀವ್ ಬೆಕ್ಲರ್ ತೆತ್ತದ್ದು ಪ್ರಾಣವನ್ನೇ. ಎಫೆಡ್ರಾ ಎಂಬ ಉತ್ತೇಜಕ ಮೂಲಿಕೆ ಬೆರೆತ, ತೂಕವಿಳಿಸುವ ಗುಳಿಗೆಗಳನ್ನು ಸೇವಿಸುತ್ತಿದ್ದ ಆ 23ರ ತರುಣನು 2003ರ ಫೆಬ್ರವರಿಯಲ್ಲಿ ಫ್ಲಾರಿಡಾದ ಅಭ್ಯಾಸದಂಗಳದಲ್ಲಿ ಕುಸಿದು ಮರುದಿನ ಅಸುನೀಗಿದನು. ಮೈಯ ತಾಪ 108 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. ದುಡಿಯುವ ಸ್ನಾಯುಗಳ ಶಾಖವು ರಕ್ತದೊಡನೆ ಚರ್ಮಕ್ಕೆ ಹರಿದು, ಬೆವರು ಆರುವಾಗ ಹೊರಬೀಳತಕ್ಕದ್ದು. ಎಫೆಡ್ರಾವಾದರೋ ಶಾಖೋತ್ಪತ್ತಿಯನ್ನು ಹೆಚ್ಚಿಸಿ, ಚರ್ಮದ ರಕ್ತನಾಳಗಳನ್ನು ಸಂಕುಚಿತಗೊಳಿಸಿ, ಆ ದಾರಿಯನ್ನೇ ಕಟ್ಟಿಬಿಡುತ್ತದೆ. 2004ರಲ್ಲಿ ಅಮೆರಿಕ ಅದರ ಮಾರಾಟವನ್ನು ನಿಷೇಧಿಸಿತು. ಗುಳಿಗೆ ನುಂಗಿರಲಿ, ಬಿಡಲಿ, ಬಿಸಿಲಿನ ಓಟದಲ್ಲಿ ಮೈ ಸುಡುತ್ತ, ಮಾತು ತೊದಲಿ, ದಿಕ್ಕುಗಾಣದೆ ಬೀಳುವವರನ್ನು ಆಸ್ಪತ್ರೆಗೆ ಒಯ್ಯುವ ಮುನ್ನವೇ, ಅಲ್ಲಿಯೇ, ಮಂಜುಗಡ್ಡೆ ಹಾಕಿದ ನೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿಸಿ ತಣಿಸಬೇಕು.