ಬಗ್ಗಿ ಸೈಕಲ್ ಹೊಡೆಯುವವರಿಗೆ ಗಿಡ್ಡ ಸೀಟು: ಜೋಮು ಹಿಡಿದರೆ ಸುಮ್ಮನಿರಬೇಡಿ



ಹೃದಯದ ಡಾಕ್ಟರಿಗೆ ಸೈಕಲ್ ಸೀಟಿನ ಉಸಾಬರಿ ಯಾಕೆ ಅಂತ ಕೇಳಬಹುದು. ಕಾರಣ ನನ್ನ ಒಬ್ಬ ಪೇಶಂಟ್. ಧಾರವಾಡದ ಕಡೆಯವರು, ವಿಲೆ ಪಾರ್ಲೆಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಬಿಪಿ ಇತ್ತು, ಸೈಕಲ್ ಹೊಡೆಯಿರಿ ಎಂದು ನಾನೇ ಹೇಳಿದ್ದೆ. ಅವರು ಉತ್ಸಾಹದಲ್ಲಿ ಬಾಗಿದ ಹ್ಯಾಂಡಲ್‌ನ ರೋಡ್ ಬೈಕನ್ನೇ ತಂದರು. ಸೀ ಲಿಂಕ್ ಮೇಲೆ ಸೈಕಲ್ ಬಿಡುವುದಿಲ್ಲವಲ್ಲ. ಭಾನುವಾರ ಬೆಳಗ್ಗೆ ಐದಕ್ಕೆ ಹೊರಟು ಮಾಹಿಮ್, ವರ್ಲಿ, ಹಾಜಿ ಅಲಿ ಮೇಲಿಂದ ಮರೈನ್ ಡ್ರೈವ್ ತನಕ ಹೋಗಿ ಬರುತ್ತಿದ್ದರು. ಮೂರು ತಿಂಗಳಿಗೆ ನಿಲ್ಲಿಸಿಬಿಟ್ಟರು. ಯಾಕೆಂದು ಕೇಳಿದರೆ, ಹೆಂಡತಿಯನ್ನು ಹೊರಗೆ ಕೂರಿಸಿ ಬಂದು, "ಹೆಂಗ ಹೇಳಬೇಕೋ ತಿಳೀವಲ್ದು ಡಾಕ್ಟರ್ ಸಾಹೇಬ್ರ, ಕೆಳಗ ಜೋಮು ಹಿಡೀತದ" ಅಂದರು.

ನೆಟ್ಟಗೆ ಕೂತಾಗ ನಮ್ಮ ಭಾರ ಬೀಳುವುದು ಪೃಷ್ಠದ ಕೆಳಗಿನ ಎರಡು ಮೂಳೆಗಳ ಮೇಲೆ. ಭಾರ ಹೊರುವುದಕ್ಕೆಂದೇ ಇರುವ ಮೂಳೆಗಳು ಅವು. ಆದರೆ ಕೆಳಗಿನ ಹ್ಯಾಂಡಲ್ ಹಿಡಿದು ಮುಂದಕ್ಕೆ ಬಗ್ಗಿದಾಗ ಸೊಂಟದ ಮೂಳೆ ಮುಂದಕ್ಕೆ ಉರುಳುತ್ತದೆ, ಭಾರ ಕಾಲುಗಳ ಸಂದಿನ ಮೆತ್ತನೆ ಭಾಗಕ್ಕೆ ಜಾರುತ್ತದೆ. ಜನನಾಂಗಕ್ಕೆ ಹೋಗುವ ನರ, ರಕ್ತನಾಳ ಎರಡೂ ಇರುವುದು ಅಲ್ಲೇ. ಉದ್ದ ಮೂತಿಯ ಸೀಟು ಅವನ್ನು ಒತ್ತಿ ಹಿಡಿಯುತ್ತದೆ. ಹೆಂಗಸರಿಗೂ ಇದೇ ತೊಂದರೆ; ಅವರಲ್ಲಿ ಊತ, ಉರಿ ಕೂಡ ಬರುತ್ತದೆ. ಹೇಳಿಕೊಳ್ಳುವುದು ಇನ್ನೂ ಕಡಿಮೆ.

ಅಮೆರಿಕದಲ್ಲಿ ಸೈಕಲ್ ಮೇಲೆ ಗಸ್ತು ತಿರುಗುವ 90 ಪೊಲೀಸರಿಗೆ ಆರು ತಿಂಗಳು ಮೂತಿಯೇ ಇಲ್ಲದ ಸೀಟು ಕೊಟ್ಟು ನೋಡಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಜೋಮು ಹಿಡಿಯುವುದಿಲ್ಲ ಎಂದವರ ಪ್ರಮಾಣ ನೂರಕ್ಕೆ 27ರಿಂದ 82ಕ್ಕೆ ಏರಿತು. ಆದರೆ ಮೂತಿ ಪೂರ್ತಿ ಇಲ್ಲದಿದ್ದರೆ ತಿರುವಿನಲ್ಲಿ ಸೈಕಲನ್ನು ತೊಡೆಯಿಂದ ಹಿಡಿತದಲ್ಲಿಡುವುದು ಕಷ್ಟ. ಗಿಡ್ಡ ಸೀಟು ಇದಕ್ಕೊಂದು ನಡುವಿನ ದಾರಿ. ಹಳೆಯ ರೋಡ್ ಬೈಕ್ ಸೀಟು 27-28 ಸೆಂ.ಮೀ. ಉದ್ದ, ಇದು 24-25. ನಡುವೆ ಆಳವಾದ ಸೀಳು. 2015ರಲ್ಲಿ ಸ್ಪೆಷಲೈಜ್ಡ್ ಕಂಪನಿಯ ಪವರ್ ಎಂಬ ಸೀಟು ಬಂದ ಮೇಲೆ ಉಳಿದವರೂ ಇಂಥದ್ದನ್ನು ಮಾಡತೊಡಗಿದರು.

ಉದ್ದಕ್ಕಿಂತ ಮುಖ್ಯ ಅಗಲ. ಮನೆಯಲ್ಲೇ ಅಳೆಯಬಹುದು. ಗಟ್ಟಿ ಸ್ಟೂಲಿನ ಮೇಲೆ ರಟ್ಟಿನ ಡಬ್ಬದ ತುಂಡು ಇಟ್ಟು, ತೆಳು ಬಟ್ಟೆಯಲ್ಲಿ ಕೂತು, ಸೈಕಲ್ ಮೇಲೆ ಬಗ್ಗುವಷ್ಟೇ ಬಗ್ಗಿ. ಎದ್ದಾಗ ಎರಡು ತಗ್ಗು ಕಾಣುತ್ತವೆ. ಅವುಗಳ ಮಧ್ಯಬಿಂದುಗಳ ಅಂತರಕ್ಕೆ 1ರಿಂದ 2 ಸೆಂ.ಮೀ. ಸೇರಿಸಿದರೆ ಸೀಟಿನ ಅಗಲ ಹೆಚ್ಚುಕಡಿಮೆ ಸಿಕ್ಕಿತು. ಹೆಚ್ಚು ಬಗ್ಗುವವರು ಕಡಿಮೆ ಸೇರಿಸಿ. ದಪ್ಪಗಿರುವವರಿಗೆ ಅಗಲ ಸೀಟು ಎಂಬುದು ತಪ್ಪು ಲೆಕ್ಕ. ಇದು ಮೂಳೆಯ ಅಳತೆ. ಜೆಲ್ ಕವರ್ ಹಾಕಿಕೊಂಡರೆ ಮೂಳೆಗಳು ಅದರಲ್ಲಿ ಹೂತು ನಡುವಿನ ಜೆಲ್ ಮೇಲಕ್ಕೆ ಉಬ್ಬುತ್ತದೆ, ಒತ್ತಡ ಬೇಡದ ಕಡೆಗೇ.

ಕೂರಿಸುವಾಗ ಎಲ್ಲರೂ ಎಡವುವುದು ಒಂದೇ ಕಡೆ. ಹಳೆಯ ಸೀಟಿನ ಮೂತಿ ಇದ್ದ ಜಾಗಕ್ಕೇ ಹೊಸದರ ಮೂತಿ ತಂದು ನಿಲ್ಲಿಸುತ್ತಾರೆ. ಆಗ ಇಡೀ ಸೀಟು ಮೂರು ಸೆಂ.ಮೀ. ಮುಂದೆ ಬಂದು ಮಂಡಿ, ಅಂಗೈ ನೋಯುತ್ತವೆ. ಎರಡೂ ಸೀಟುಗಳಲ್ಲಿ ಅಗಲ 8 ಸೆಂ.ಮೀ. ಇರುವ ಜಾಗಕ್ಕೆ ಗುರುತು ಹಾಕಿ, ಹ್ಯಾಂಡಲ್‌ನಿಂದ ಆ ಗುರುತಿಗೆ ಇರುವ ದೂರವನ್ನು ಮೊದಲಿನಷ್ಟೇ ಇಡಿ. ಎತ್ತರವನ್ನೂ ಹೊಸದಾಗಿ ಅಳೆಯಿರಿ. ಸೀಟು ಮಟ್ಟವಾಗಿರಲಿ, ಬೇಕಿದ್ದರೆ ಮೂತಿ ಒಂದೆರಡು ಡಿಗ್ರಿ ಕೆಳಗೆ. ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಲ್ಲಿ.

ನೆಟ್ಟಗೆ ಕೂತು ಮಾರ್ಕೆಟ್ಟಿಗೆ ಹೋಗಿ ಬರುವವರಿಗೆ ಇದ್ಯಾವುದೂ ಬೇಡ. ಹೊಟ್ಟೆ ತೊಡೆಗೆ ತಾಗುವಷ್ಟಿದ್ದರೆ ಮೊದಲು ಹ್ಯಾಂಡಲ್ ಎತ್ತರಿಸಿ. ನೆಟ್ಟಗೆ ಕೂತು ಹೊಡೆದರೂ ಹೃದಯಕ್ಕೆ ಸಿಗುವ ಲಾಭ ಅಷ್ಟೇ.

ನಮ್ಮ ಪೇಶಂಟ್ ಸೀಟು ಬದಲಿಸಿದರು, ಎರಡು ವಾರದಲ್ಲಿ ಜೋಮು ಹೋಯಿತು. ಆದರೆ ಮತ್ತೊಂದು ವಿಷಯ ಬಾಯಿಬಿಟ್ಟರು: ಸೈಕಲ್ ನಿಲ್ಲಿಸಿದ್ದಾಗಲೂ ದಾಂಪತ್ಯದಲ್ಲಿ ತೊಂದರೆ ಇತ್ತಂತೆ. ಅದನ್ನೂ ಸೀಟಿನ ತಲೆಗೇ ಕಟ್ಟಿದ್ದರು. ಅಲ್ಲಿಯ ರಕ್ತನಾಳ 1-2 ಮಿ.ಮೀ. ದಪ್ಪ, ಹೃದಯದ್ದು 3-4. ಕೊಬ್ಬು ಕಟ್ಟುವ ಕಾಯಿಲೆ ಮೊದಲು ಸಣ್ಣ ನಾಳದಲ್ಲಿ ತೋರಿಸಿಕೊಳ್ಳುತ್ತದೆ, ಹಲವು ಸಲ ಎದೆನೋವಿಗಿಂತ ಎರಡು ಮೂರು ವರ್ಷ ಮೊದಲೇ. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಬದಲಾವಣೆ ಕಂಡಿತು, ಆಂಜಿಯೋಗ್ರಾಮ್‌ನಲ್ಲಿ ಒಂದು ನಾಳ ಕಟ್ಟಿಕೊಂಡಿತ್ತು. ಸ್ಟೆಂಟ್ ಹಾಕಿದೆವು.

ಸೀಟಿನಿಂದ ಬಂದ ಜೋಮು ಇಳಿದ ಸ್ವಲ್ಪ ಹೊತ್ತಿಗೆ ಹೋಗಬೇಕು. ಮರುದಿನವೂ ಇದ್ದರೆ ಸೈಕಲ್ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಕೆಲವು ವಾರ ಸೈಕಲ್ ಮುಟ್ಟದಿದ್ದರೂ ಆ ತೊಂದರೆ ಹಾಗೇ ಇದ್ದರೆ ಶುಗರ್, ಬಿಪಿ, ಕೊಲೆಸ್ಟ್ರಾಲ್, ಹೃದಯ ಎಲ್ಲ ಪರೀಕ್ಷಿಸಿಕೊಳ್ಳಿ. ಮೆಡಿಕಲ್ ಅಂಗಡಿಯಿಂದ ಗುಟ್ಟಾಗಿ ಮಾತ್ರೆ ತಂದು ನುಂಗಬೇಡಿ. ಸಾರ್ಬಿಟ್ರೇಟ್‌ನಂಥ ಹೃದಯದ ಮಾತ್ರೆ ತೆಗೆದುಕೊಳ್ಳುವವರಿಗೆ ಅದರಿಂದ ಬಿಪಿ ಕುಸಿದು ಜೀವಕ್ಕೇ ಅಪಾಯ.

– ಹೃದ್ರೋಗ ತಜ್ಞ, ಎಂ.ಡಿ., ವಿಲೆ ಪಾರ್ಲೆ