ಶಾಲೆಯ ಮಕ್ಕಳು ಕೆರೆಯ ನೀರನ್ನು ಸೀಸೆಯಲ್ಲಿ ತುಂಬುವುದೇಕೆ?

ನಿಮ್ಮ ಮಗನೋ ಮಗಳೋ ಶಾಲೆಯಿಂದ ಬಂದವರೇ ಖಾಲಿ ಸೀಸೆಯೊಂದನ್ನೂ ಹಳೆಯ ಸೊಳ್ಳೆಪರದೆಯ ತುಂಡನ್ನೂ ಕೇಳಿದರೆ ಗದರಿಸಬೇಡಿ. ಊರಿನ ಕೆರೆ, ಹಳ್ಳ, ಕಾಲುವೆಗಳ ನೀರನ್ನು ಪರೀಕ್ಷಿಸುವ ಕಾರ್ಯವನ್ನು ಶಿಕ್ಷಕರು ಅವರಿಗೆ ಒಪ್ಪಿಸಿರಬಹುದು. “ಓದುವುದನ್ನು ಬಿಟ್ಟು ಕೆಸರಿನಲ್ಲಿ ಹುಳು ಹಿಡಿಯುವುದು ಯಾವ ಸೀಮೆಯ ವಿದ್ಯೆ ಸ್ವಾಮಿ?” ಎಂದು ತಂದೆಯೊಬ್ಬರು ಒಮ್ಮೆ ನನ್ನನ್ನು ಕೇಳಿದರು. ಅವರು ಆ ದಿನ ಆಸ್ಪತ್ರೆಗೆ ಬಂದದ್ದು ಒಂದು ವರ್ಷದ ಕೂಸಿನ ಭೇದಿಗೆ ಔಷಧ ಕೇಳಲು. ಆ ಮಳೆಗಾಲದಲ್ಲಿ ಅದು ಮೂರನೆಯ ಸಲ. ಹುಳು ಹಿಡಿಯುತ್ತಿದ್ದ ಹಿರಿಯ ಮಗಳಿಗೂ ಕೂಸಿನ ಭೇದಿಗೂ ಸಂಬಂಧವಿರಬಹುದೆಂದು ಅವರಿಗೆ ಹೊಳೆದಿರಲಿಲ್ಲ. ಆ ಸಂಬಂಧವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮಕ್ಕಳಿಂದ ಇಂತಹ ಅಧ್ಯಯನ ಮಾಡಿಸುವುದು ಹೊಸದೇನಲ್ಲ. 1980 ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹಳ್ಳಿಯ ಶಾಲೆಗಳವರೆಗೂ ವಿಜ್ಞಾನವನ್ನು ತಲುಪಿಸಿತು. 1993 ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು 10 ರಿಂದ 17 ವರ್ಷದ ಮಕ್ಕಳು ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಗುಂಪಾಗಿ ಅಭ್ಯಸಿಸಿ, ತಮ್ಮ ಭಾಷೆಯಲ್ಲೇ ವರದಿ ಒಪ್ಪಿಸುವ ಪದ್ಧತಿಯನ್ನು ತಂದಿತು. ಬಳಿಕ 2001-02 ರಿಂದ ರಾಷ್ಟ್ರೀಯ ಹಸಿರು ಪಡೆಯ ಹೆಸರಿನಲ್ಲಿ ಶಾಲೆಗಳಲ್ಲಿ ಇಕೋ ಕ್ಲಬ್‌ಗಳು ಏರ್ಪಟ್ಟವು. ದುಬಾರಿ ಉಪಕರಣಗಳಿಲ್ಲದ ಶಾಲೆಗೂ ಊರಿನ ನೀರು ಸುಲಭವಾಗಿ ದೊರೆಯುವ ಪಾಠವಾಗಿದೆ.

ನಮ್ಮ ಸೀಮೆಯಂತೂ ಈ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಬೇಲೂರಿನ ಪಕ್ಕದಲ್ಲಿ ಯಗಚಿ ಹರಿಯುತ್ತದೆ; ಅದು ಹೇಮಾವತಿಯನ್ನು, ಹೇಮಾವತಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಹಳೇಬೀಡಿನಲ್ಲಿ ಹೊಯ್ಸಳರ ರಾಜಧಾನಿಗೇ ಹೆಸರು ಕೊಟ್ಟ ದೋರಸಮುದ್ರದ ಕೆರೆಯಿದೆ. ಅರಸೀಕೆರೆಯ ಹೆಸರಿನಲ್ಲಿಯೇ ಅರಸಿಯೂ ಇದ್ದಾಳೆ, ಕೆರೆಯೂ ಇದೆ. ಬೇಲೂರಿನ ಪಶ್ಚಿಮಕ್ಕೆ ಮಲೆನಾಡಿನ ಹಳ್ಳಗಳು, ಅರಸೀಕೆರೆಯ ಕಡೆಗೆ ತೆಂಗಿನ ತೋಟಗಳ ಒಣ ಬಯಲು ಮತ್ತು ಆಳವಾದ ಕೊಳವೆಬಾವಿಗಳು. ಒಂದೇ ಜಿಲ್ಲೆಯೊಳಗೆ ನೀರಿನ ತೊಂದರೆಗಳು ಎರಡು ಬೇರೆ ಬೇರೆ ಬಗೆಯವು ಎಂಬುದನ್ನು ಮುಂದೆ ನೋಡುವಿರಿ.

ಹುಳುಗಳ ಸಾಕ್ಷ್ಯ

ಮಕ್ಕಳು ಹಳ್ಳದ ಕಲ್ಲುಗಳನ್ನು ಮಗುಚಿ, ಪರದೆಯ ಬಲೆಯಿಂದ ಸೋಸಿ, ದೊರೆತ ಜೀವಿಗಳನ್ನು ಬಿಳಿಯ ತಟ್ಟೆಯಲ್ಲಿ ಹಾಕಿ ಎಣಿಸುತ್ತಾರೆ. ಇದು ಆಟವಲ್ಲ. ನೀರಿನಲ್ಲಿ ವಾಸಿಸುವ ಜೀವಿಗಳಿಗೂ ಪ್ರಾಣವಾಯು ಬೇಕು. ಅದು ನೀರಿನಲ್ಲಿ ಕರಗಿರುತ್ತದೆ. ಸಗಣಿ, ಮಲ, ಕೊಳೆತ ಕಸ ನೀರಿಗೆ ಸೇರಿದಾಗ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಪ್ರಾಣವಾಯುವನ್ನು ಬಳಸಿಬಿಡುತ್ತವೆ. ಆಗ ಸೂಕ್ಷ್ಮ ಪ್ರಕೃತಿಯ ಜೀವಿಗಳು ಸಾಯುತ್ತವೆ, ಗಟ್ಟಿ ಜೀವಿಗಳು ಉಳಿಯುತ್ತವೆ. ಬಾಲದ ತುದಿಯಲ್ಲಿ ಮೂರು ಎಳೆಗಳೂ ಹೊಟ್ಟೆಯ ಪಕ್ಕದಲ್ಲಿ ಗರಿಯಂತಹ ಕಿವಿರುಗಳೂ ಇರುವ ಪುಟ್ಟ ಮರಿಹುಳು, ಮರಳಿನ ಕಣಗಳನ್ನು ಅಂಟಿಸಿ ಕೊಳವೆಯಂತಹ ಮನೆ ಕಟ್ಟಿಕೊಳ್ಳುವ ಇನ್ನೊಂದು ಹುಳು – ಇವೆರಡೂ ಹೇರಳವಾಗಿದ್ದರೆ ಆ ಹಳ್ಳದ ನೀರಿನಲ್ಲಿ ಪ್ರಾಣವಾಯು ಸಮೃದ್ಧವಾಗಿದೆಯೆಂದು ತಿಳಿಯಬಹುದು. ಏರೋಪ್ಲೇನ್ ಚಿಟ್ಟೆಯ ಮರಿಗಳು ಸ್ವಲ್ಪ ಮಲಿನತೆಯನ್ನು ಸಹಿಸುತ್ತವೆ. ಕೆಂಪು ದಾರದ ತುಂಡಿನಂತಹ ಹುಳುಗಳೇ ಕೆಸರಿನ ತುಂಬ ಕಂಡುಬಂದರೆ ಮಾತ್ರ ಯೋಚಿಸಬೇಕಾದ ವಿಷಯ. ಅವುಗಳ ಕೆಂಪು ಬಣ್ಣಕ್ಕೆ ನಮ್ಮ ರಕ್ತದಲ್ಲಿರುವಂತಹುದೇ ಒಂದು ವಸ್ತು ಕಾರಣ. ಅದರ ನೆರವಿನಿಂದ ಅವು ಪ್ರಾಣವಾಯು ತೀರ ಕಡಿಮೆಯಿರುವೆಡೆಯಲ್ಲಿಯೂ ಬದುಕಬಲ್ಲವು.

ಹರಿಯುವ ಹಳ್ಳಕ್ಕೆ ಅನ್ವಯಿಸುವ ಈ ಅಳತೆ ನಿಂತ ಕೆರೆಗೆ ಹಾಗೆಯೇ ಅನ್ವಯಿಸುವುದಿಲ್ಲ. ಆದುದರಿಂದ ಒಳ್ಳೆಯ ಶಿಕ್ಷಕರು ಒಂದೇ ಜಾಗವನ್ನು ಮಳೆಗಾಲಕ್ಕೊಮ್ಮೆ, ಚಳಿಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ನೋಡಿಸುತ್ತಾರೆ. ಕೆರೆಯ ದಡದಲ್ಲಿ ಹಕ್ಕಿಗಳನ್ನೂ ಎಣಿಸುವುದುಂಟು. ಗುಳುಮುಳುಕ, ನಾಮದ ಕೋಳಿ, ನೀರುಕಾಗೆ, ಮಿಂಚುಳ್ಳಿಗಳು ಇರುವ ಕೆರೆಯಲ್ಲಿ ಮೀನೂ ಹುಳುವೂ ಇವೆಯೆಂದಾಯಿತು. ಅಂತರಗಂಗೆ ಮುಚ್ಚಿಕೊಂಡ ಕೆರೆಯಲ್ಲಿ ನೀರೇ ಕಾಣುವುದಿಲ್ಲ. ಅಲ್ಲಿ ಮಿಂಚುಳ್ಳಿಗೆ ಏನು ಕೆಲಸ?

ಬೇಲೂರಿನ ಮಲೆನಾಡಿನ ಭಾಗದವರು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ತಿಂಗಳುಗಳಲ್ಲಿ ಪಲ್ಪರ್‌ನಿಂದ ಹೊರಬೀಳುವ ನೀರು ಹುಳಿಯಾಗಿ, ಸಕ್ಕರೆಯ ಅಂಶದಿಂದ ಕೂಡಿರುತ್ತದೆ. ಅದನ್ನು ಗುಂಡಿಯಲ್ಲಿ ನಿಲ್ಲಿಸದೆ ಹಳ್ಳಕ್ಕೆ ಬಿಟ್ಟರೆ ಕೆಳಗಿನ ಮೀನುಗಳು ಉಸಿರುಗಟ್ಟಿ ತೇಲುತ್ತವೆ. ಹಾಗೆಯೇ ಆಲೂಗಡ್ಡೆಗೂ ಶುಂಠಿಗೂ ಔಷಧ ಸಿಂಪಡಿಸಿದ ಯಂತ್ರವನ್ನು ಕಾಲುವೆಯಲ್ಲಿ ತೊಳೆಯುವ ಅಭ್ಯಾಸ ನಮ್ಮಲ್ಲಿ ಬಹಳವಾಗಿದೆ. ಮಕ್ಕಳ ತಟ್ಟೆಯಲ್ಲಿ ಇದ್ದಕ್ಕಿದ್ದಂತೆ ಒಂದು ಹುಳುವೂ ಸಿಗದ ದಿನ ಶಿಕ್ಷಕರು ಕೇಳುವ ಮೊದಲ ಪ್ರಶ್ನೆ, ಮೇಲಿನ ಹೊಲದಲ್ಲಿ ಯಾರು ಏನು ಸಿಂಪಡಿಸಿದರು ಎಂಬುದು. ಉತ್ತರ ನಿಮ್ಮ ಮನೆಯಲ್ಲಿಯೇ ಇದ್ದರೆ ಮಗುವಿನ ಮೇಲೆ ಕೋಪಿಸಿಕೊಳ್ಳಬೇಡಿ.

ನೀರಿನ ಪುಟ್ಟ ಜೀವಿಯನ್ನು ಅರಿತುಕೊಂಡದ್ದರಿಂದ ಒಂದು ರೋಗವೇ ನಮ್ಮ ದೇಶವನ್ನು ಬಿಟ್ಟು ಹೋದ ಉದಾಹರಣೆಯಿದೆ. ಹಿರಿಯರಿಗೆ ನಾರುಹುಣ್ಣಿನ ಹೆಸರು ನೆನಪಿರಬಹುದು. ಕಾಲಿನ ಹುಣ್ಣಿನಿಂದ ದಾರದಂತಹ ಉದ್ದನೆಯ ಹುಳು ಹೊರಬರುತ್ತಿತ್ತು. ರೋಗಿಯು ಮೆಟ್ಟಿಲುಬಾವಿಯಲ್ಲಿ ಕಾಲಿಟ್ಟಾಗ ಆ ಹುಳು ತನ್ನ ಮರಿಗಳನ್ನು ನೀರಿಗೆ ಬಿಡುತ್ತಿತ್ತು. ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕದಾದ ಒಂದು ನೀರುಜೀವಿ ಆ ಮರಿಗಳನ್ನು ನುಂಗುತ್ತಿತ್ತು. ಆ ನೀರನ್ನು ಸೋಸದೆ ಕುಡಿದವರಿಗೆ ರೋಗ ತಗಲುತ್ತಿತ್ತು. ಕರ್ನಾಟಕವೂ ಈ ರೋಗವಿದ್ದ ರಾಜ್ಯಗಳಲ್ಲಿ ಒಂದಾಗಿತ್ತು. ಇದಕ್ಕೆ ಲಸಿಕೆಯೂ ಇರಲಿಲ್ಲ, ಗುಣಪಡಿಸುವ ಮದ್ದೂ ಇರಲಿಲ್ಲ. ದಟ್ಟವಾದ ಬಟ್ಟೆಯಲ್ಲಿ ನೀರು ಸೋಸುವುದು, ಹುಣ್ಣಿರುವವರನ್ನು ನೀರಿಗಿಳಿಯಗೊಡದಿರುವುದು, ಮೆಟ್ಟಿಲುಬಾವಿಗಳ ಬದಲು ಕೈಪಂಪುಗಳು – ಇಷ್ಟರಿಂದಲೇ 1996 ರಲ್ಲಿ ದೇಶದ ಕೊನೆಯ ರೋಗಿಯನ್ನು ಕಂಡೆವು. 2000 ದಲ್ಲಿ ಭಾರತವು ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಕಪ್ಪಾಗುವ ಸೀಸೆ

ಆದರೆ ಹುಳುಗಳ ಸಾಕ್ಷ್ಯಕ್ಕೂ ಮಿತಿಯುಂಟು. ಮರಿಹುಳುಗಳು ತುಂಬಿರುವ, ತಳದ ಮರಳು ಕಾಣುವಷ್ಟು ತಿಳಿಯಾದ ಹಳ್ಳದ ನೀರಿನಲ್ಲಿಯೂ ಕಾಲರಾ, ವಿಷಮಶೀತ ಜ್ವರ, ಆಮಶಂಕೆ, ಕಾಮಾಲೆಗಳ ರೋಗಾಣುಗಳು ಇರಬಲ್ಲವು. ಮಲದ ಸಂಪರ್ಕ ನೀರಿಗೆ ಆಗಿದೆಯೇ ಎಂಬುದನ್ನು ತಿಳಿಯಲು ಇನ್ನೊಂದು ಪರೀಕ್ಷೆ ಬೇಕು. 1982 ರಲ್ಲಿ ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದ ವಿಜ್ಞಾನಿಗಳು ಅಂತಹ ಸರಳ ವಿಧಾನವೊಂದನ್ನು ಪ್ರಕಟಿಸಿದರು. ಔಷಧ ಲೇಪಿಸಿದ ಕಾಗದದ ಪಟ್ಟಿಯಿರುವ ಚಿಕ್ಕ ಸೀಸೆಗೆ ಗುರುತಿನವರೆಗೆ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಮಲದಿಂದ ಬಂದ ಸೂಕ್ಷ್ಮಜೀವಿಗಳಿದ್ದರೆ ಅವು ಒಂದು ಬಗೆಯ ಅನಿಲವನ್ನು ಹೊರಬಿಡುತ್ತವೆ, ನೀರು ಕಪ್ಪಾಗುತ್ತದೆ. ಕಪ್ಪಾದರೆ ಕುಡಿಯಲು ಯೋಗ್ಯವಲ್ಲ. ಕಪ್ಪಾದ ಸೀಸೆಯೊಳಗೆ ರೋಗಾಣುಗಳು ವೃದ್ಧಿಯಾಗಿರುತ್ತವೆ. ಅದನ್ನು ಮನೆಯಲ್ಲಿ ತೆರೆಯಬಾರದು, ಕೂಸುಗಳ ಕೈಗೆ ಸಿಗದಂತೆ ಶಿಕ್ಷಕರಿಗೆ ಹಿಂತಿರುಗಿಸಬೇಕು.

ಮೊದಲು ಹೇಳಿದ ತಂದೆಯ ಮಗಳು ಎಂಟನೆಯ ತರಗತಿಯವಳು. ಅವಳು ಮೂರು ಸೀಸೆಗಳನ್ನು ತುಂಬಿದ್ದಳು: ಒಂದು ಕೆರೆಯದು, ಒಂದು ಬೀದಿಯ ನಲ್ಲಿಯದು, ಒಂದು ಅಡುಗೆಮನೆಯ ಬಿಂದಿಗೆಯದು. ಕೆರೆಯದು ಕಪ್ಪಾಯಿತು; ಅದನ್ನು ಎಲ್ಲರೂ ನಿರೀಕ್ಷಿಸಿದ್ದರು. ನಲ್ಲಿಯದು ತಿಳಿಯಾಗಿಯೇ ಉಳಿಯಿತು. ಬಿಂದಿಗೆಯದು ಕಪ್ಪಾಯಿತು. ತಾಯಿಗೆ ನಾಚಿಕೆಯಾಯಿತು, ಅಜ್ಜಿಗೆ ಸಿಟ್ಟು ಬಂದಿತು. ಆದರೆ ತಪ್ಪು ಯಾರೊಬ್ಬರದೂ ಆಗಿರಲಿಲ್ಲ. ಆ ಮನೆಯಲ್ಲಿ ಹೊಲದಿಂದ ಬಂದವರು, ಕೊಟ್ಟಿಗೆಯಿಂದ ಬಂದವರು, ಕೂಸನ್ನು ತೊಳೆದು ಬಂದವರು, ಎಲ್ಲರೂ ಅದೇ ಚೊಂಬನ್ನು ಬೆರಳು ಸಹಿತ ಬಿಂದಿಗೆಯಲ್ಲಿ ಅದ್ದುತ್ತಿದ್ದರು. ನಲ್ಲಿಯವರೆಗೆ ಶುದ್ಧವಾಗಿ ಬಂದ ನೀರು ಮನೆಯೊಳಗೆ ಬಂದು ಕೆಡುವುದನ್ನು ನಾವು ವೈದ್ಯರು ಪದೇ ಪದೇ ಹೇಳುತ್ತೇವೆ, ಜನರು ತಲೆಯಾಡಿಸುತ್ತಾರೆ. ಆ ಹುಡುಗಿಯ ಸೀಸೆ ನನ್ನ ಹತ್ತು ಭಾಷಣಗಳಿಗಿಂತ ಹೆಚ್ಚಿನ ಕೆಲಸ ಮಾಡಿತೆಂದು ಒಪ್ಪಿಕೊಳ್ಳುತ್ತೇನೆ.

ಇದಕ್ಕೆ ಪರಿಹಾರ ಕಷ್ಟವಾದುದಲ್ಲ. ಬಿಂದಿಗೆಯನ್ನು ದಿನಾಲೂ ಉಜ್ಜಿ ತೊಳೆದು ಮುಚ್ಚಿಡಿ. ಉದ್ದ ಹಿಡಿಯ ಸೌಟಿನಿಂದ ನೀರು ತೆಗೆಯಿರಿ, ಅಥವಾ ನಲ್ಲಿಯುಳ್ಳ ಪಾತ್ರೆಯನ್ನು ಬಳಸಿರಿ. ಸಂಶಯವಿದ್ದ ನೀರನ್ನು ಚೆನ್ನಾಗಿ ಕುದಿ ಬರುವವರೆಗೆ ಕಾಯಿಸಿ, ಕುದಿ ಬಂದ ಬಳಿಕವೂ ಒಂದು ನಿಮಿಷ ಒಲೆಯ ಮೇಲಿಡಿ. ತೆರೆದ ಬಾವಿ ಅಥವಾ ತೊಟ್ಟಿಯಾದರೆ 1000 ಲೀಟರ್ ನೀರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಮಾನ್ಯವಾಗಿ ಸಾಕು. ಹಾಕಿದ ಬಳಿಕ ಒಂದು ಗಂಟೆ ನೀರು ಸೇದಬಾರದು. ಆರು ತಿಂಗಳು ತುಂಬದ ಕೂಸಿಗೆ ತಾಯಿಯ ಹಾಲೊಂದೇ ಸಾಕು, ಬೇಸಿಗೆಯಲ್ಲಿಯೂ ನೀರು ಬೇಡ. ಭೇದಿಯಾದ ಮಗುವಿಗೆ ಓ.ಆರ್.ಎಸ್. ಪೊಟ್ಟಣ ಸಿಗುವವರೆಗೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಪದೇ ಪದೇ ಕುಡಿಸಿರಿ. ಆರೋಗ್ಯ ಕಾರ್ಯಕರ್ತೆ ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಮುಂದುವರಿಸಬೇಕು.

ಕುದಿಸಿದರೂ ಹೋಗದ ದೋಷ

ಅರಸೀಕೆರೆಯ ಕಡೆಯ ತಾಯಂದಿರು, “ನಾವು ಕೆರೆಯ ನೀರು ಕುಡಿಯುವುದೇ ಇಲ್ಲ, ಕೊಳವೆಬಾವಿಯದು” ಎಂದು ನೆಮ್ಮದಿಯಿಂದ ಹೇಳುತ್ತಾರೆ. ರೋಗಾಣುಗಳ ಮಟ್ಟಿಗೆ ಅದು ಬಹುಮಟ್ಟಿಗೆ ನಿಜ. ಆದರೆ ಆಳದ ಬಂಡೆಗಳ ನಡುವೆ ಬಹುಕಾಲ ನಿಂತ ನೀರು ಕಲ್ಲಿನಲ್ಲಿರುವ ಫ್ಲೋರೈಡ್ ಎಂಬ ಅಂಶವನ್ನು ಕರಗಿಸಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಂದಲೂ ಗೊತ್ತಾಗದು. ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಂವರೆಗೆ ಇರಬಹುದು. ಬೇರೆ ನೀರು ಸಿಗದೆ ಹೋದರೆ 1.5 ರವರೆಗೆ ಸಹಿಸಬಹುದೆಂದು ಭಾರತೀಯ ಮಾನಕವು ಹೇಳುತ್ತದೆ. ಈ ಕಡೆಯ ಕೆಲವು ಕೊಳವೆಬಾವಿಗಳಲ್ಲಿ ಇದು ಮಿತಿ ಮೀರಿದೆ.

ಇದರ ಗುರುತು ಮಕ್ಕಳಿಗೆ ಕನ್ನಡಿಯಲ್ಲಿಯೇ ಕಾಣುತ್ತದೆ. ಹಲ್ಲಿನ ಮೇಲೆ ಸುಣ್ಣದಂತಹ ಬಿಳಿಯ ಮಚ್ಚೆಗಳು, ಅನಂತರ ಅಡ್ಡಡ್ಡಲಾಗಿ ಹಳದಿ ಅಥವಾ ಕಂದು ಪಟ್ಟೆಗಳು. ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ, ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ಕಾಲದಲ್ಲಿ ಈ ಹಾನಿಯಾಗುತ್ತದೆ. ಒಮ್ಮೆ ಮೂಡಿದ ಕಲೆಯನ್ನು ಉಜ್ಜಿ ತೆಗೆಯಲು ಬಾರದು. ಇನ್ನೂ ಅಧಿಕ ಪ್ರಮಾಣವನ್ನು ಅನೇಕ ವರ್ಷ ಕುಡಿದವರಿಗೆ ಕೀಲುಗಳು ಬಿಗಿದು, ಬೆನ್ನು ಬಾಗದಂತಾಗುತ್ತದೆ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದರ ಸಾಂದ್ರತೆ ಇನ್ನಷ್ಟು ಹೆಚ್ಚುತ್ತದೆ. ಬೇಲೂರಿನ ಹಳ್ಳದವರಿಗೆ ನಾನು ಹೇಳುವ ಸಲಹೆ ಇಲ್ಲಿ ಸಲ್ಲುವುದಿಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ.

2019 ರಲ್ಲಿ ಆರಂಭವಾದ ಜಲ ಜೀವನ್ ಮಿಷನ್‌ನಡಿ ಪ್ರತಿ ಹಳ್ಳಿಯಲ್ಲಿ ಐವರಿಗೆ, ಅದರಲ್ಲಿಯೂ ಮಹಿಳೆಯರಿಗೆ, ನೀರು ಪರೀಕ್ಷಿಸುವ ಪೆಟ್ಟಿಗೆಯ ಬಳಕೆಯನ್ನು ಕಲಿಸುವ ಏರ್ಪಾಡಾಯಿತು. ನೀರಿಗೆ ಕೆಲವು ಹನಿ ದ್ರಾವಣ ಸೇರಿಸಿ, ಮೂಡಿದ ಬಣ್ಣವನ್ನು ಪಟ್ಟಿಯೊಡನೆ ಹೋಲಿಸಿ ಫ್ಲೋರೈಡ್‌ನ ಅಂದಾಜು ಮಾಡಬಹುದು. ಮಕ್ಕಳು ಶಿಕ್ಷಕರೊಡನೆ ಕುಳಿತು ಪ್ರತಿಯೊಂದು ಕೊಳವೆಬಾವಿಯ ಅಂದಾಜನ್ನು ಊರಿನ ನಕ್ಷೆಯಲ್ಲಿ ಗುರುತಿಸಿದರೆ, ಯಾವುದು ಕುಡಿಯಲು, ಯಾವುದು ಬಟ್ಟೆಗೆ ಎಂದು ವಿಂಗಡಿಸಲು ಸಾಧ್ಯ. ಹೆಚ್ಚೆಂದು ಕಂಡುಬಂದ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಖಚಿತಪಡಿಸಿಕೊಳ್ಳಬೇಕು. ಸೂರಿನಿಂದ ಹಿಡಿದ ಮಳೆನೀರಿನಲ್ಲಿ ಈ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಸೋಸಿ, ಕುದಿಸಿ ಕುಡಿಯಬಹುದು. ಊರಿನ ಶುದ್ಧ ನೀರಿನ ಘಟಕದಿಂದಲೂ ತರಬಹುದು. ಘಟಕವು ಹೊರಬಿಡುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗಿರುತ್ತದೆ, ಅದನ್ನು ದನಗಳ ತೊಟ್ಟಿಗೆ ಬಿಡಬೇಡಿ.

ನೀರಿಗಿಳಿಯುವ ಮುನ್ನ

ಮಗುವನ್ನು ಕಳುಹಿಸುವ ಮೊದಲು, ಜೊತೆಗೆ ಹಿರಿಯರು ಯಾರು ಹೋಗುತ್ತಾರೆಂದು ವಿಚಾರಿಸುವ ಹಕ್ಕು ನಿಮಗಿದೆ. ಹೂಳು ಎತ್ತಿದ ಕೆರೆಗಳಲ್ಲಿ ಮೇಲಿನಿಂದ ಕಾಣದ ಆಳವಾದ ಗುಂಡಿಗಳಿರುತ್ತವೆ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿಹೊಂಡದ ದಡ ಜಾರುತ್ತದೆ; ಬಿದ್ದವರು ಹತ್ತಿ ಬರಲಾರರು. ಮೊಣಕಾಲಿಗಿಂತ ಮೇಲೆ ನೀರಿರುವೆಡೆ ಇಳಿಯಕೂಡದು. ಕಾಲಿನಲ್ಲಿ ಗಾಯವಿದ್ದರೆ ಆ ದಿನ ದಡದಲ್ಲಿ ಕುಳಿತು ಬರೆದುಕೊಳ್ಳುವ ಕೆಲಸ ವಹಿಸಲಿ, ಏಕೆಂದರೆ ಇಲಿಗಳ ಮೂತ್ರದಿಂದ ಹರಡುವ ಇಲಿಜ್ವರವು ಗಾಯದ ಮೂಲಕವೇ ಒಳಹೋಗುತ್ತದೆ. ಹಿಂದಿರುಗಿದ ಮೇಲೆ ಸಾಬೂನಿನಿಂದ ಕೈಕಾಲು ತೊಳೆಯಿಸಿ. ಒಂದೆರಡು ವಾರಗಳೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವಿಕೆ ಕಂಡುಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿ. ಮಗು ಕೆರೆಗೆ ಇಳಿದಿತ್ತೆಂಬುದನ್ನು ವೈದ್ಯರಿಗೆ ಮರೆಯದೆ ತಿಳಿಸಿ.

ಹಿಡಿದ ಹುಳುಗಳನ್ನೂ ಗೊದಮೊಟ್ಟೆಗಳನ್ನೂ ಎಣಿಸಿದ ಬಳಿಕ ಅದೇ ನೀರಿಗೆ ಮರಳಿ ಬಿಡಬೇಕೆಂದು ಮಕ್ಕಳಿಗೆ ಹೇಳಿಕೊಟ್ಟಿರುತ್ತಾರೆ. ಅವನ್ನು ಸೀಸೆಯಲ್ಲಿ ಮನೆಗೆ ತಂದು ಕಿಟಕಿಯ ಮೇಲಿಟ್ಟಿದ್ದರೆ, ಸಂಜೆಯೊಳಗೆ ನೀವೇ ಅವರೊಡನೆ ಕೆರೆಯ ದಡದವರೆಗೆ ಹೋಗಿಬನ್ನಿ.